ಕೂಡಿದರೆ ಮೂರು

ಕಲ್ಲವೆಸಿ ಸರೋವರದ ಮೇಲೆ ಇವತ್ತು
ಮಂಜುಗಡ್ಡೆ ಹನ್ನೊಂದು ಸೆಂಟಿಮೀಟರು.
ಬೆಳಿಗ್ಗೆ ಕೊರೆದು ಅಳೆದವನು ತಾಯಿಸ್ತೊ.
ಅಂಕಿಯ ಜೊತೆ ಚಿತ್ರವನ್ನೂ ಕಳಿಸಿದ್ದಾನೆ:
ತೂತು, ತೂತಿನ ಪಕ್ಕ ಅಳತೆಗೆಂದು ಅವನ ಕೈಗವಸು,
ಕೆಳಗೆ ಹೆಸರು.
ಹೆಸರಿಲ್ಲದ ಅಂಕಿಯನ್ನು ನಮ್ಮ ನಕ್ಷೆ ಒಪ್ಪುವುದಿಲ್ಲ.
ಅದು ನಮ್ಮ ಮೊದಲ ನಿಯಮ.

ಎರಡು ಸಾವಿರದ ನಾನೂರು ಜನ ನಾವು,
ಒಬ್ಬರ ಮುಖ ಒಬ್ಬರು ಕಂಡವರಲ್ಲ,
ಒಬ್ಬರ ಅಂಕಿ ನಂಬಿ ಇನ್ನೊಬ್ಬರು
ನೀರಿನ ಮೇಲೆ ಕಾಲಿಟ್ಟವರು.
ಗಾಳ ಹಾಕುವವರು, ಸ್ಕೇಟು ಕಟ್ಟುವವರು,
ದ್ವೀಪದ ಒಂಟಿ ಮನೆಗಳಿಗೆ ಅಂಚೆ ಒಯ್ಯುವ ಹಿಲ್ಕ.

ಒಳಗಿನದು ಕಾಣುವ ಕರಿ ಮಂಜು ಗಟ್ಟಿ,
ಹಿಮ ಬೆರೆತು ಬೆಳ್ಳಗಾದದ್ದಕ್ಕೆ ಅದರ ಅರ್ಧ ಬಲ.
ಉಪಮೆ ಹೇಳುತ್ತಿಲ್ಲ,
ಇದು ಕೈಪಿಡಿಯ ನಾಲ್ಕನೆಯ ಪುಟ.

ನಮಗೊಂದು ಮಂಡಳಿ, ಏಳು ಜನ.
ಎರಡು ವರ್ಷಕ್ಕೊಮ್ಮೆ ನಾವೇ ಆರಿಸುತ್ತೇವೆ, ಗುಟ್ಟಾಗಿ.
ಅದು ಸರಿಯೇ. ಆರಿಸುವ ಬೆರಳಿಗೆ
ಯಾರ ಹಂಗೂ, ಯಾರ ಅಂಜಿಕೆಯೂ ಇರಬಾರದು.
ಆರಿಸಿಬಂದ ಬೆರಳಿಗೆ?

ನಾನು ನಡಾವಳಿ ಬರೆಯುವವಳು.
ಒಂಬತ್ತು ಚಳಿಗಾಲ ಬರೆದದ್ದು ಒಂದೇ ಪದ.
ಹೊಸ ಕೊರೆಯುವ ಯಂತ್ರ ಬೇಡ: ಬಹುಮತದಿಂದ.
ಅಧ್ಯಕ್ಷರ ಪ್ರಯಾಣ ಭತ್ಯೆ: ಬಹುಮತದಿಂದ.
ನಮ್ಮ ಅಂಕಿಗಳನ್ನೆಲ್ಲ ವಿಮೆ ಕಂಪನಿಗೆ ಮಾರುವುದು:
ಅದೂ.
ಪರದೆಯಲ್ಲಿ ಏಳು ಚೌಕ, ಏಳು ಮುಖ, ಏಳು ಕಾಫಿ ಲೋಟ,
ಗುಂಡಿ ಒತ್ತುವ ಕೈ ಮಾತ್ರ ಚೌಕದ ಕೆಳಗೆ.
ನನಗೆ ಬರುವುದು ಎರಡು ಅಂಕಿ.
ನಿಜ ಹೇಳಬೇಕೆಂದರೆ ಆ ಪದ ನನಗೂ ಹಿತವಾಗಿತ್ತು.
ಬೇಗ ಮುಗಿಯುತ್ತಿತ್ತು ಕೆಲಸ.

ಮಾರಾಟದ ಸುದ್ದಿ ಹಬ್ಬಿದ ಮೇಲೆ
ವಾರ್ಷಿಕ ಸಭೆಯಲ್ಲಿ ಹಿಲ್ಕ ಕೇಳಿದಳು,
ಕೆಮ್ಮುತ್ತಾ, ಹಿಂದೆ ಅವಳ ನಾಯಿ ಬೊಗಳುತ್ತಾ:
“ನಾನು ಒಂದು ತೂತಿಗೂ ಹೆಸರು ಬರೆಯುತ್ತೇನೆ.
ನೀವು ತೀರ್ಮಾನಕ್ಕೆ ಯಾಕೆ ಬರೆಯುವುದಿಲ್ಲ?”

ಎರಡು ಸಾವಿರದ ನಾನೂರು ಜನ ಸುಮ್ಮನೆ.
ನಾಯಿ ಕೂಡ.

ನಿರ್ಣಯ ಮಂಡಳಿಗೆ ಬಂತು:
ಇನ್ನು ಮುಂದೆ ಸದಸ್ಯರ ಪ್ರತಿಯೊಂದು ಮತವೂ
ಹೆಸರಿನ ಸಮೇತ ದಾಖಲಾಗತಕ್ಕದ್ದು.
ಆದರೆ ಅದಕ್ಕೂ ಹಾಕಬೇಕಲ್ಲ ಮತ,
ಹಳೆಯ ನಿಯಮದಂತೆ, ಗುಟ್ಟಾಗಿ.

ಪರ ಮೂರು. ವಿರೋಧ ನಾಲ್ಕು.

ಆಮೇಲೆ ಶುರುವಾಯಿತು ಫೋನು.
ಅಧ್ಯಕ್ಷ ಐಮೊ, ಎಂಟೂ ಹತ್ತಕ್ಕೆ:
“ನಾನಂತೂ ಪರವೇ ಇದ್ದೆ, ಏನು ಮಾಡೋಣ ಹೇಳು.”
ಎಂಟೂ ಮೂವತ್ತಕ್ಕೆ ಖಜಾಂಚಿ ಓಯ್ಲಿ:
“ನನ್ನದು ಪರ. ಹಿಲ್ಕಳ ಕಿವಿಗೆ ಹಾಕಿಬಿಡು.”
ಉರ್ಪೊ ಸೌನಾದಿಂದಲೇ ಮಾಡಿದ, ಬಿಸಿ ಕಲ್ಲಿಗೆ ನೀರೆರೆವ ಸದ್ದು,
“ಈ ಜನ ಎಂಥವರು ನೋಡು!”
ಹತ್ತು ಹೊಡೆಯುವುದರೊಳಗೆ ಏಳೂ ಮಂದಿ
ಒಬ್ಬೊಬ್ಬರಾಗಿ, ನಿಟ್ಟುಸಿರಿಟ್ಟು, ಪರ.

ಏಳು ಪರ. ಕೂಡಿದರೆ ಮೂರು.

ಕೂತೆ, ಕಾಫಿ ಆರಿತು.
ಯಾರ ಕೈ ಯಾವ ಗುಂಡಿಯ ಮೇಲಿತ್ತು
ನನಗೆ ಈಗಲೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.
ಗುಟ್ಟು ಮತದ ನಿಯಮ ಮೂರು ಸಲ ಓದಿದೆ.
ಅದರಲ್ಲಿ ಫೋನಿನ ಮಾತೇ ಇಲ್ಲ.
ನಂಬಿ ಹೇಳಿದರು ಅನ್ನುವುದೊಂದು ಅಡ್ಡಬಂತು,
ಸ್ವಲ್ಪ ಹೊತ್ತು ನಿಂತಿತು,
ಹೇಳಿದ್ದು ನನ್ನನ್ನು ನಂಬಿಯೋ, ನನ್ನ ಪದವನ್ನೋ?

ಬರೆದೆ. ಗಂಟೆ, ಹೆಸರು, ಅವರದೇ ಮಾತು.
ಏಳು ಸಾಲು. ಎಂಟನೆಯದರಲ್ಲಿ ಎಣಿಕೆ.
ಟೀಕೆ ಇಲ್ಲ, ಟಿಪ್ಪಣಿ ಇಲ್ಲ.
ಕೊನೆಗೆ, ತೂತಿನ ಪಕ್ಕ ಕೈಗವಸಿಟ್ಟಂತೆ,
ಬರೆದವಳು: ಕಾಯ್ಸು ಪಾರ್ವಿಯಾಯ್ನೆನ್.

ನಾಳೆ ನನ್ನನ್ನು ತೆಗೆಯಬಹುದು, ಬಹುಮತದಿಂದ.

ಹೊರಗೆ ಮೈನಸ್ ಹದಿನೆಂಟು.
ಸರೋವರ ಇನ್ನೂ ಕಟ್ಟಿಕೊಳ್ಳುತ್ತಿದೆ,
ದೂರದಲ್ಲಿ ಯಾರೋ ಅಟ್ಟದ ಮೇಲೆ
ಭಾರದ ಪೆಟ್ಟಿಗೆ ಎಳೆದಂತೆ ಸದ್ದು.